ಹೊರದೇಶಕ್ಕೆ ಹೋದ ಕಾಫಿ ಚೈನ್‌ಗಳು ಎಡವುವುದು ಎಲ್ಲಿ? ಮಲೆನಾಡಿನವರು ಏನಂತೀರಿ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಟಾಟಾ ಸ್ಟಾರ್‌ಬಕ್ಸ್ ನಷ್ಟದ ಸುದ್ದಿ ಬಂದಾಗಲೆಲ್ಲ ಇಲ್ಲಿ ಎರಡೇ ಮಾತು ಕೇಳಿಬರುತ್ತದೆ. ಒಂದು, "ಅವರ ಕಾಫಿ ನಮ್ಮ ನಾಲಿಗೆಗೆ ಹಿಡಿಸಲ್ಲ." ಇನ್ನೊಂದು, "ರೇಟು ಜಾಸ್ತಿ." ಎರಡರಲ್ಲೂ ಹುರುಳಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ನಮ್ಮದೇ ಕಾಫಿ ಡೇ ಆಸ್ಟ್ರಿಯಾದ ವಿಯೆನ್ನಾದಲ್ಲಿ ಯಾಕೆ ಬೇರು ಬಿಡಲಿಲ್ಲ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ನನಗೆ ಆ ಪ್ರಶ್ನೆ ಮುಖ್ಯ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ಮೊದಲು ಆಸ್ಟ್ರೇಲಿಯಾ. ಸ್ಟಾರ್‌ಬಕ್ಸ್ ಅಲ್ಲಿಗೆ ಕಾಲಿಟ್ಟದ್ದು 2000ದಲ್ಲಿ, ಸಿಡ್ನಿಯಲ್ಲಿ. ಎಂಟು ವರ್ಷದಲ್ಲಿ 84 ಅಂಗಡಿ ತೆರೆಯಿತು. 2008ರ ಜುಲೈನಲ್ಲಿ ಅದರಲ್ಲಿ 61ನ್ನು ಮುಚ್ಚುವುದಾಗಿ ಹೇಳಿತು. ಉಳಿದದ್ದನ್ನು 2014ರಲ್ಲಿ ಅಲ್ಲಿನ ಸೆವೆನ್-ಇಲೆವೆನ್ ಅಂಗಡಿಗಳನ್ನು ನಡೆಸುತ್ತಿದ್ದ ಕುಟುಂಬಕ್ಕೆ ಮಾರಿತು. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್‌ನಿಂದ ಹೋಗಿ ನೆಲೆಸಿದವರು ಎಸ್ಪ್ರೆಸೊ ಮೆಷಿನ್ ಇಟ್ಟುಕೊಂಡು ಬೀದಿ ಬೀದಿಯಲ್ಲಿ ಕೆಫೆ ತೆರೆದಿದ್ದ ದೇಶ ಅದು. ಜನಕ್ಕೆ ಒಳ್ಳೆಯ ಕಾಫಿ ಯಾವುದು ಅಂತ ಗೊತ್ತಿತ್ತು. ಕೂರುವುದಕ್ಕೆ ಜಾಗವೂ ಇತ್ತು. ಇಸ್ರೇಲಿನಲ್ಲಂತೂ ಕಂಪನಿ 2001ರಲ್ಲಿ ಬಂದು 2003ರಲ್ಲಿ ಆರೇ ಅಂಗಡಿಗೆ ಕೈಮುಗಿದು ಹೊರಟಿತು.

ಈಗ ವಿಯೆನ್ನಾ. ಕಾಫಿ ಡೇ ಅಲ್ಲಿ ಅಂಗಡಿ ತೆರೆದದ್ದು 2005ರಲ್ಲಿ. ಆಮೇಲೆ 2010ರಲ್ಲಿ ಜೆಕ್ ದೇಶದ ಕೆಫೆ ಎಂಪೋರಿಯೋ ಅನ್ನುವ ಚೈನನ್ನೇ ಕೊಂಡಿತು. ಚಿಕ್ಕಮಗಳೂರಿನ ಬೀಜ ಯುರೋಪಿನ ನಡುಮಧ್ಯೆ ಕಪ್ಪಿನಲ್ಲಿ ಹೋಗುತ್ತದೆ ಅಂತ ನಾವೆಲ್ಲ ಎಷ್ಟು ಹೆಮ್ಮೆಪಟ್ಟಿದ್ದೆವು ನೆನಪಿದೆಯಾ? ಆದರೆ ಬೆರಳೆಣಿಕೆಯ ಅಂಗಡಿಗಳಿಂದ ಮುಂದೆ ಅದು ದೊಡ್ಡದಾಗಲಿಲ್ಲ.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಕಾಫಿ ಡೇ ಶುರುವಾದಾಗ ಅದು ಮಾರಿದ್ದು ಬರೀ ಕಾಫಿಯನ್ನಲ್ಲ. ಕಾಫಿ ಜೊತೆ ಇಂಟರ್ನೆಟ್ ಇತ್ತು. ಹುಡುಗ ಹುಡುಗಿಯರು ಯಾರ ಕಣ್ಣಿಗೂ ಅಂಜದೆ ಗಂಟೆಗಟ್ಟಲೆ ಕೂರಬಹುದಾಗಿತ್ತು. ಅಂಥ ಜಾಗ ಆಗ ನಮ್ಮಲ್ಲಿ ಇರಲಿಲ್ಲ. ವಿಯೆನ್ನಾದಲ್ಲಿ ಅದು ತಲೆತಲಾಂತರದಿಂದ ಇದೆ. ಅಲ್ಲಿನ ಹಳೇ ಕಾಫಿಹೌಸಿನಲ್ಲಿ ಒಂದು ಕಪ್ ಮೆಲಾಂಜ್ (ನೊರೆಹಾಲಿನ ಕಾಫಿ) ತಗೊಂಡರೆ ಪುಟ್ಟ ಲೋಹದ ಟ್ರೇನಲ್ಲಿ ಒಂದು ಲೋಟ ನೀರೂ ಬರುತ್ತದೆ. ಪೇಪರ್ ಓದುತ್ತಾ ಮಧ್ಯಾಹ್ನ ಪೂರ್ತಿ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಆ ಸಂಸ್ಕೃತಿಯನ್ನು ಆಸ್ಟ್ರಿಯಾ 2011ರಲ್ಲಿ ಯುನೆಸ್ಕೊ ಒಪ್ಪಂದದ ಅಡಿಯಲ್ಲಿ ತನ್ನ ಪರಂಪರೆಯ ಪಟ್ಟಿಗೇ ಸೇರಿಸಿಕೊಂಡಿದೆ. ಅಲ್ಲಿಗೆ ಹೋಗಿ "ಬನ್ನಿ, ಕೂತು ಮಾತಾಡಿ" ಅಂದರೆ ಯಾರು ಬರುತ್ತಾರೆ?

ನನ್ನ ವಾದ ಇಷ್ಟೇ. ಚೈನ್ ತನ್ನೂರಿನಲ್ಲಿ ಯಾವ ಕೊರತೆ ನೀಗಿಸಿ ಗೆದ್ದಿತೋ, ಆ ಕೊರತೆ ಹೊರಗಿನ ಊರಿನಲ್ಲೂ ಇದೆಯಾ ಅಂತ ಮೊದಲು ನೋಡಬೇಕು. ನೋಡದೆ ಅಂಗಡಿ ಮೇಲೆ ಅಂಗಡಿ ತೆರೆಯುತ್ತಾ ಹೋಗುವುದೇ ಎಡವುವ ಜಾಗ. ನೀವೇನಂತೀರಿ?

ಮೆಲ್ಬರ್ನ್ ವಾಸಿ, ಮೂಲ ತೀರ್ಥಹಳ್ಳಿ

ಆಸ್ಟ್ರೇಲಿಯಾ ಹೆಸರು ಬಂತಲ್ಲ, ಸುಮ್ನೆ ಇರಲಿಕ್ಕೆ ಆಗಲಿಲ್ಲ. ಓದುವಾಗ ಇಲ್ಲಿನ ಒಂದು ಸಣ್ಣ ಕೆಫೆಯಲ್ಲಿ ಕೆಲಸ ಮಾಡಿದ್ದೇನೆ. ಒಳಗಿಂದ ಕಂಡದ್ದನ್ನು ಹೇಳುತ್ತೇನೆ.

ಬೆಳಗ್ಗೆ ಆರೂವರೆಗೆ ಬಾಗಿಲು ತೆರೆಯುತ್ತಿದ್ದೆವು. ಅದಕ್ಕೂ ಮುಂಚೆ ಮಾಲೀಕ ಗ್ರೈಂಡರ್ ಹದ ಮಾಡುತ್ತಿದ್ದ. ಒಂದು ಶಾಟ್ ತೆಗೆದು ಕುಡಿದು ಚೆಲ್ಲುವುದು, ಪುಡಿ ಒಂಚೂರು ಸಣ್ಣ ಮಾಡುವುದು, ಮತ್ತೆ ತೆಗೆದು ಚೆಲ್ಲುವುದು. ಮಳೆ ಬಂದ ದಿನ ಹದ ಬೇರೆ, ಬಿಸಿಲಿನ ದಿನ ಬೇರೆ. ಅವನ ನಾಲಿಗೆ ಒಪ್ಪುವವರೆಗೆ ಗಿರಾಕಿಗೆ ಕಪ್ ಇಲ್ಲ. ರೋಡಿನ ಆಚೆ ಕಡೆ ದಿನದ ಗಿರಾಕಿ ಸಿಗ್ನಲ್‌ಗೆ ಕಾಯುತ್ತಾ ನಿಂತದ್ದು ಕಂಡ ಕೂಡಲೇ ಹಾಲು ಬಿಸಿ ಮಾಡಲು ಶುರು. ಆಕೆ ಒಳಗೆ ಬಂದಾಗ ಕಪ್ ರೆಡಿ. ಅಂಥವರನ್ನು ದೊಡ್ಡ ಬೋರ್ಡು ಹಾಕಿ ಪಕ್ಕದ ಬೀದಿಗೆ ಎಳೆದುಕೊಂಡು ಹೋಗುವುದು ಕಷ್ಟ.

ಇಲ್ಲಿನ ಲೈಗನ್ ಸ್ಟ್ರೀಟ್ ಅಂದರೆ ಇಟಲಿಯವರ ಬೀದಿ. ಅಲ್ಲೂ ಸ್ಟಾರ್‌ಬಕ್ಸ್ ಅಂಗಡಿ ಹಾಕಿತ್ತು. ನಿಲ್ಲಲಿಲ್ಲ. ಫ್ಲ್ಯಾಟ್ ವೈಟ್ ಅನ್ನುವ ಸಣ್ಣ ಕಪ್ಪಿನ ಗಟ್ಟಿ ಹಾಲುಕಾಫಿ ಕುಡಿದು ಬೆಳೆದವರಿಗೆ ದೊಡ್ಡ ಕಪ್ಪಿನ ತುಂಬಾ ಸಿರಪ್ ಹಾಕಿದ ಹಾಲು ಕಾಫಿಯಂತೆ ಅನ್ನಿಸಲಿಲ್ಲ. ದುಡ್ಡು ಮಾತ್ರ ಹೆಚ್ಚು ಕೊಡಬೇಕಾಗಿತ್ತು.

ಇನ್ನೊಂದು ವಿಷಯವನ್ನೂ ಹೇಳಬೇಕು. ಮಾಲೀಕರು ಬದಲಾದ ಮೇಲೆ ಸ್ಟಾರ್‌ಬಕ್ಸಿನವರು ಇಲ್ಲಿ ನಿಧಾನವಾಗಿ ಚಿಗುರಿದ್ದಾರೆ. ಪ್ರವಾಸಿಗರು, ಏಷ್ಯಾದಿಂದ ಬಂದ ವಿದ್ಯಾರ್ಥಿಗಳು, ತಣ್ಣನೆ ಸಿಹಿ ಪಾನೀಯ ಬೇಕು ಅನ್ನುವ ಹರೆಯದವರು ಹೋಗುತ್ತಾರೆ. ಮೆಲ್ಬರ್ನಿನವರ ಬೆಳಗಿನ ಕಾಫಿ ನಾವೇ ಕೊಡುತ್ತೇವೆ ಅನ್ನುವ ಹಟ ಬಿಟ್ಟ ಮೇಲೆ ಕಾಲೂರಿದರು.

ಕೊಡಚಾದ್ರಿ ನೆರಳು

ಹಾಗಾದರೆ ಜಪಾನ್? ಅಲ್ಲೂ ಹಳೇ ಕಾಫಿ ಅಂಗಡಿಗಳು ಬೇಕಾದಷ್ಟು ಇದ್ದವು. ಆದರೂ 1996ರಲ್ಲಿ ಟೋಕಿಯೊದಲ್ಲಿ ಶುರುಮಾಡಿದ ಸ್ಟಾರ್‌ಬಕ್ಸ್ ಗೆದ್ದಿತಲ್ಲ. "ಅಲ್ಲಿ ಮೊದಲೇ ಕಾಫಿ ಇತ್ತು, ಅದಕ್ಕೇ ಸೋತರು" ಅನ್ನುವುದು ಅಲ್ಲಿ ನಿಲ್ಲುವುದಿಲ್ಲ.

ತುಂಗಾತೀರ

ಒಳ್ಳೆಯ ಪ್ರಶ್ನೆ. ಜಪಾನಿನಲ್ಲಿ ಕಾಫಿಗೆ ಕೊರತೆ ಇರಲಿಲ್ಲ ನಿಜ. ಆದರೆ ಕಿಸ್ಸಾತೆನ್ ಅನ್ನುವ ಅಲ್ಲಿನ ಹಳೇ ಕಾಫಿ ಅಂಗಡಿಗಳಲ್ಲಿ ಸಿಗರೇಟ್ ಹೊಗೆ ದಟ್ಟವಾಗಿರುತ್ತಿತ್ತು. ಆಫೀಸಿನ ಗಂಡಸರು ಸೇದುತ್ತಾ ಕೂರುತ್ತಿದ್ದರು. ಸ್ಟಾರ್‌ಬಕ್ಸ್ ಶುರುವಿನಿಂದಲೇ ಒಳಗೆ ಸೇದುವಂತಿಲ್ಲ ಅಂದಿತು. ಸೇದುವವರ ದೇಶದಲ್ಲಿ ಇದು ಹುಚ್ಚು ಅಂದವರೇ ಹೆಚ್ಚು. ಹೆಂಗಸರು ಬಂದು ತುಂಬಿಕೊಂಡರು. ಸಾಜಬಿ ಅನ್ನುವ ಅಲ್ಲಿನ ಕಂಪನಿಯ ಜೊತೆ ಪಾಲುದಾರಿಕೆಯೂ ಇತ್ತು, ಊರಿನ ನಾಡಿ ಬಲ್ಲವರು ಪಕ್ಕದಲ್ಲಿದ್ದರು.

ಅಂದರೆ ಕಾಫಿ ಇತ್ತಾ ಇಲ್ಲವಾ ಅನ್ನುವುದಕ್ಕಿಂತ, ಇರುವ ಅಂಗಡಿಗೆ ಯಾರು ಹೋಗಲಾರದೆ ಹೊರಗೆ ಉಳಿದಿದ್ದಾರೆ ಅಂತ ಹುಡುಕಬೇಕು. ವಿಯೆನ್ನಾದಲ್ಲಿ ಹಾಗೆ ಹೊರಗೆ ಉಳಿದವರು ಯಾರು ಅಂತ ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ.

ಫಿಲ್ಟರ್ ಡಿಕಾಕ್ಷನ್, ಶಿವಮೊಗ್ಗ

ನಾನು ದೇಶ ಸುತ್ತಿದವನಲ್ಲ. ಬಸ್ ಸ್ಟ್ಯಾಂಡ್ ಕಡೆ ಅಪ್ಪನ ಕಾಲದಿಂದ ಸಣ್ಣ ಹೋಟೆಲ್ ಇದೆ. ಅಲ್ಲಿಂದ ಕಂಡದ್ದು ಹೇಳುತ್ತೇನೆ.

ಬೆಳಗಿನ ಜಾವ ಮೊದಲ ಬಸ್ಸಿಗೆ ಮುಂಚೆ ಡಿಕಾಕ್ಷನ್ ಇಳಿದಿರಬೇಕು. ಪುಡಿ ಜೋರಾಗಿ ಒತ್ತಿದರೆ ನೀರು ಇಳಿಯುವುದೇ ಇಲ್ಲ, ಸಡಿಲ ಬಿಟ್ಟರೆ ಬಣ್ಣ ಮಾತ್ರ ಬರುತ್ತದೆ. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಬೇರೆ ಎತ್ತಿಡುತ್ತೇವೆ. "ಸ್ಟ್ರಾಂಗ್" ಅಂತ ಕೇಳುವವರಿಗೆ ಅದೇ ಆಗಬೇಕು. ಚಿಕೋರಿ ಹಾಕದಿದ್ದರೆ ನಮ್ಮ ಗಿರಾಕಿಗಳು "ಯಾಕೋ ಇವತ್ತು ನೀರು ನೀರು" ಅನ್ನುತ್ತಾರೆ. ತೋಟದವರಿಗೆ ಚಿಕೋರಿ ಅಂದರೆ ಕೋಪ, ಗೊತ್ತು. ಆದರೆ ಹಾಲು, ಸಕ್ಕರೆ ಬಿದ್ದ ಮೇಲೂ ಕಾಫಿ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ.

ಗಿರಾಕಿ ಬಂದು ನಿಂತು ಕುಡಿದು ಐದು ನಿಮಿಷದಲ್ಲಿ ಹೋಗುತ್ತಾನೆ. ಇಬ್ಬರು ಬಂದರೆ ಬೈಟು. ನನ್ನ ಕಪ್ಪಿನ ಬೆಲೆಯಲ್ಲಿ ಜಾಗದ ಬಾಡಿಗೆ ಬಹಳ ಕಮ್ಮಿ, ಯಾಕೆಂದರೆ ಒಂದೇ ಜಾಗದಲ್ಲಿ ಗಂಟೆಗೆ ಎಷ್ಟೋ ಜನ ನಿಂತು ಹೋಗುತ್ತಾರೆ. ಸ್ಟಾರ್‌ಬಕ್ಸಿನಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ತೆರೆದು ಎರಡು ಗಂಟೆ ಕೂರುತ್ತಾನೆ. ಎಸಿ, ವೈಫೈ, ಸೋಫಾ ಎಲ್ಲದರ ಬಾಡಿಗೆಯನ್ನೂ ಅವನ ಆ ಒಂದು ಕಪ್ಪೇ ಹೊರಬೇಕು. 2022ರಲ್ಲಿ ಅವರು ಬೆಂಗಳೂರು, ಇಂದೋರ್ ಕಡೆ ಪಿಕೊ ಅಂತ ಸಣ್ಣ ಕಪ್ ತಂದರು. ಮಸಾಲೆ ಚಹಾ, ಫಿಲ್ಟರ್ ಕಾಫಿಯನ್ನೂ ಇಟ್ಟರು. ಬೆಲೆ ಆಗ ಸುಮಾರು 185 ರೂಪಾಯಿಯಿಂದ ಶುರುವಾಗುತ್ತಿತ್ತು. ಬೆಲೆ ಇಳಿಸಲಿಕ್ಕೆ ಅವರಿಗೆ ಮನಸ್ಸಿಲ್ಲ ಅಂತಲ್ಲ. ಆ ಸೋಫಾ ಇರುವವರೆಗೆ ಅದಕ್ಕಿಂತ ಕೆಳಗೆ ಇಳಿಯಲಿಕ್ಕೆ ಆಗುವುದಿಲ್ಲ.

ಹಾಗಾಗಿ ನಮ್ಮಂಥವರಿಗೂ ಅವರಿಗೂ ಪೈಪೋಟಿಯೇ ಇಲ್ಲ. ಅವರಿಗೆ ದಿನಾ ಬರುವ ಗಿರಾಕಿ ಬೇಕು. ನಮ್ಮ ಜನ ಅಲ್ಲಿಗೆ ಹೋಗುವುದು ಯಾವತ್ತೋ ಒಂದು ದಿನ.

ಲೆಕ್ಕದ ಪುಸ್ತಕ

ಹೋಟೆಲ್ ಅಣ್ಣ ಹೇಳಿದ್ದನ್ನೇ ಅಂಕಿಯಲ್ಲಿ ನೋಡಿ. ಟಾಟಾ ಮತ್ತು ಸ್ಟಾರ್‌ಬಕ್ಸ್ ಸಮಪಾಲಿನಲ್ಲಿ ಕೂಡಿಕೊಂಡು 2012ರ ಅಕ್ಟೋಬರಿನಲ್ಲಿ ಮುಂಬೈನ ಹಾರ್ನಿಮನ್ ಸರ್ಕಲ್ ಹತ್ತಿರ ಮೊದಲ ಅಂಗಡಿ ತೆರೆದರು. ಈಗ ಅಂಗಡಿಗಳು 450 ದಾಟಿವೆ. 2024-25ರಲ್ಲಿ ವಹಿವಾಟು ಸುಮಾರು 1,277 ಕೋಟಿ. ಆದರೂ ನಷ್ಟ 135 ಕೋಟಿ ಆಸುಪಾಸು. 2024ರ ಜನವರಿಯಲ್ಲಿ "2028ರ ಹೊತ್ತಿಗೆ 1,000 ಅಂಗಡಿ" ಅಂದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಬಿಟ್ಟೇ ಹೋಗುತ್ತಾರಂತೆ ಅಂತ ಸುದ್ದಿ ಹಬ್ಬಿ, ಟಾಟಾದವರು ಅದನ್ನು ಅಲ್ಲಗಳೆಯಬೇಕಾಯಿತು.

ಹೊಸ ಅಂಗಡಿ ಮೊದಲ ದಿನದಿಂದ ಲಾಭ ಕೊಡುವುದಿಲ್ಲ. ಅಡ್ವಾನ್ಸ್, ಇಂಟೀರಿಯರ್, ಮೆಷಿನ್, ಟ್ರೈನಿಂಗ್ ಎಲ್ಲ ಮೊದಲೇ ಸುರಿಯಬೇಕು. ದಿನದ ಗಿರಾಕಿ ಕೂಡಿಕೊಳ್ಳಲು ವರ್ಷಗಳು ಬೇಕು. ಹಳೇ ಅಂಗಡಿ ದುಡಿದದ್ದನ್ನು ಹೊಸ ಅಂಗಡಿ ತಿನ್ನುತ್ತದೆ. ಇದು ಆಳು ಕಮ್ಮಿ ಇದ್ದರೂ ವರ್ಷ ವರ್ಷ ಹೊಸ ಗುಡ್ಡಕ್ಕೆ ಅಡಿಕೆ ಸಸಿ ನೆಟ್ಟ ಹಾಗೆ. ಫಸಲು ಬರುವವರೆಗೆ ಹಳೇ ತೋಟವೇ ಎಲ್ಲರನ್ನೂ ಸಾಕಬೇಕು. ಆಸ್ಟ್ರೇಲಿಯಾದಲ್ಲಿ ಹಳೇ ತೋಟವೇ ಇರಲಿಲ್ಲ, ಎಲ್ಲವೂ ಹೊಸದು. ಅದೇ ಅವರನ್ನು ಮುಳುಗಿಸಿತು.

ಇಟಲಿಯ ಲವಾಝಾ ಕೂಡ ಇದೇ ನೀರು ಕುಡಿದಿದೆ. 2007ರಲ್ಲಿ ಬರಿಸ್ತಾ ಅನ್ನುವ ನಮ್ಮ ದೇಶದ ಕೆಫೆ ಚೈನನ್ನು ಕೊಂಡಿತು, 2014ರಲ್ಲಿ ಮಾರಿತು. ಕಾಫಿ ಗೊತ್ತಿಲ್ಲದವರು ಅಂತ ಅವರಿಗೆ ಹೇಳಲಿಕ್ಕೆ ಆಗುತ್ತದಾ?

ಕೊಪ್ಪದ ತೋಟ

ಮಾರಾಯ್ರೆ, ಎಲ್ಲರೂ ಅಂಗಡಿಯ ಕಡೆಯಿಂದ ಮಾತಾಡುತ್ತಿದ್ದೀರಿ. ಬೀಜದ ಕಡೆಯಿಂದಲೂ ಒಂದಿಷ್ಟು ಕೇಳಿ.

ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರ ಬಗ್ಗೆ ಮಾತಾಡುವಾಗ ನಮ್ಮ ಕಡೆಯವರಿಗೆ ಈಗಲೂ ಗಂಟಲು ಕಟ್ಟುತ್ತದೆ. ಅವರು ತೀರಿಕೊಂಡ 2019ರ ಜುಲೈ ತಿಂಗಳ ಕೊನೆಯ ಆ ದಿನಗಳನ್ನು ಮಲೆನಾಡು ಮರೆತಿಲ್ಲ. ಅವರು ಕಟ್ಟಿದ ಲೆಕ್ಕಾಚಾರ ಬಹಳ ಗಟ್ಟಿಯದು. ಸ್ವಂತ ತೋಟ, ಸ್ವಂತ ಕ್ಯೂರಿಂಗ್ (ಒಣಗಿದ ಬೀಜದ ಹೊಟ್ಟು ಬಿಡಿಸಿ ವಿಂಗಡಿಸುವುದು), ಸ್ವಂತ ರೋಸ್ಟಿಂಗ್. ಅಂಗಡಿಯ ಮೇಜು ಕುರ್ಚಿ ಕೂಡ ಚಿಕ್ಕಮಗಳೂರಿನ ಸ್ವಂತ ಫರ್ನಿಚರ್ ಕಂಪನಿಯದು. ಮಧ್ಯದವರಿಗೆ ಹೋಗುವ ದುಡ್ಡೆಲ್ಲ ಉಳಿಯುತ್ತಿತ್ತು. ಆ ಬಲದ ಮೇಲೇ ದೇಶದ ಉದ್ದಗಲಕ್ಕೆ ಹರಡಿದರು.

ಆದರೆ ಆ ಬಲ ವಿಯೆನ್ನಾಕ್ಕೆ ಬರುವುದಿಲ್ಲ. ಒಂದು ಕಿಲೋ ಹುರಿದ ಬೀಜದಲ್ಲಿ ನೂರಕ್ಕೂ ಹೆಚ್ಚು ಸಿಂಗಲ್ ಎಸ್ಪ್ರೆಸೊ ಆಗುತ್ತದೆ. ಯುರೋಪಿನಲ್ಲಿ ಒಂದು ಕಪ್ಪಿನ ಬೆಲೆಯಲ್ಲಿ ಬೀಜದ ಪಾಲು ತೀರಾ ಸಣ್ಣದು. ದೊಡ್ಡದು ಬಾಡಿಗೆ ಮತ್ತು ಸಂಬಳ. ಎರಡನ್ನೂ ವಿಯೆನ್ನಾದ ದರದಲ್ಲೇ ಕೊಡಬೇಕು. ನಮ್ಮ ಬೀಜವನ್ನು ಪುಕ್ಕಟೆ ಕೊಟ್ಟರೂ ಕಪ್ಪಿನ ಬೆಲೆ ಹೆಚ್ಚೇನೂ ಇಳಿಯುವುದಿಲ್ಲ. ತೋಟ ಸ್ವಂತದ್ದು ಅನ್ನುವ ಅನುಕೂಲ ಅಲ್ಲಿ ಕರಗಿಹೋಗುತ್ತದೆ. ತುಂಗಾತೀರ ಅವರು ಹೇಳಿದ ಕಾರಣದಷ್ಟೇ ಇದೂ ದೊಡ್ಡದು ಅಂತ ನನ್ನ ಅನಿಸಿಕೆ.

ಇನ್ನೊಂದು ಸಂಕಟ. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ. ದೊಡ್ಡ ಗಿರಾಕಿ ಇಟಲಿ. ಅಲ್ಲಿ ಬ್ಲೆಂಡಿನ ಒಳಗೆ ಸೇರಿ ಹೆಸರಿಲ್ಲದೆ ಮುಗಿಯುತ್ತದೆ. ಕಣದಲ್ಲಿ ಪಾರ್ಚ್‌ಮೆಂಟ್ (ಹೊಟ್ಟು ಬಿಡಿಸದ ಬೀಜ) ಹರಡಿ, ಮಂಜು ಬೀಳುವ ಮೊದಲು ರಾಶಿ ಮಾಡಿ ಮುಚ್ಚಿ, ಬೆಳಗ್ಗೆ ಮತ್ತೆ ಹರಡಿ, ಹಲ್ಲಲ್ಲಿ ಕಚ್ಚಿ ಒಣಗಿದೆಯಾ ಅಂತ ನೋಡುವವರು ನಾವು. ಕುಡಿಯುವವನಿಗೆ ಅದು ಬಾಬಾಬುಡನ್‌ಗಿರಿಯದ್ದು ಅಂತಲೂ ಗೊತ್ತಿಲ್ಲ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ ಇಂಥ ಊರಿನದ್ದೇ ಬೆಳೆ ಅನ್ನುವ ಜಿಐ ಟ್ಯಾಗ್ ಬಂತು. ಆ ಹೆಸರು ಪ್ಯಾಕೆಟ್ಟಿನ ಮೇಲೆ ಕಂಡರೆ ಸಾಕು ಅನ್ನಿಸುತ್ತದೆ. ನಮ್ಮವರ ಅಂಗಡಿ ವಿಯೆನ್ನಾದಲ್ಲಿ ಇರಬೇಕು ಅಂತ ನನಗೇನೂ ಆಸೆ ಇಲ್ಲ.

ಸಾಗರದ ಹುಡುಗಿ

ತೋಟದ ಅಣ್ಣ, ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ನಾನು ಬೆಂಗಳೂರಿನಲ್ಲಿ ಒಂದು ಹೊರದೇಶದ ಚೈನ್‌ನಲ್ಲಿ ಕೆಲಸ ಮಾಡಿದ್ದೆ, ಹೆಸರು ಬೇಡ. ಯಾವ ಸಿರಪ್ ಎಷ್ಟು ಪಂಪ್ ಅಂತ ಬಾಯಿಪಾಠ ಮಾಡಿಸಿದರು. ಬೀಜ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಗಿರಾಕಿ ಕೇಳಿದರೆ ಕಾರ್ಡ್ ನೋಡಿ ಓದಬೇಕಿತ್ತು.

ಇನ್ನೊಂದು ಉದಾಹರಣೆ ಸೇರಿಸುತ್ತೇನೆ, ವಿಯೆಟ್ನಾಂ. ನಮ್ಮ ಹಾಗೆಯೇ ಅದೂ ಕಾಫಿ ಬೆಳೆಯುವ ನಾಡು, ರೊಬಸ್ಟಾ ಅನ್ನುವ ಕಹಿ ಹೆಚ್ಚಿರುವ ಜಾತಿಯಲ್ಲಿ ಜಗತ್ತಿಗೇ ಮೊದಲು. ಕಪ್ಪಿನ ಮೇಲೆ ಫಿನ್ ಅನ್ನುವ ಪುಟ್ಟ ಫಿಲ್ಟರ್ ಇಟ್ಟು ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಸಿ, ಕಂಡೆನ್ಸ್ಡ್ ಮಿಲ್ಕ್, ಐಸ್ ಹಾಕಿ ಕುಡಿಯುತ್ತಾರೆ. ಫುಟ್‌ಪಾತ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಗಂಟೆಗಟ್ಟಲೆ ಹರಟೆ. ಸ್ಟಾರ್‌ಬಕ್ಸ್ 2013ರಲ್ಲಿ ಹೋಯಿತು. ಹತ್ತು ವರ್ಷಕ್ಕೆ ಅಂಗಡಿಗಳು ನೂರರ ಆಸುಪಾಸು. ಹತ್ತು ಕೋಟಿ ಜನ ಇರುವ ದೇಶಕ್ಕೆ ಅದೇನೂ ದೊಡ್ಡದಲ್ಲ. ಗ್ಲೋರಿಯಾ ಜೀನ್ಸ್ ಅನ್ನುವ ಇನ್ನೊಂದು ಹೊರಗಿನ ಚೈನ್ ಅಂತೂ 2017ರಲ್ಲಿ ಬಾಗಿಲು ಹಾಕಿಕೊಂಡು ಬಂತು. ಕಡಕ್ ರೊಬಸ್ಟಾಕ್ಕೆ ಒಗ್ಗಿದವರಿಗೆ ಅರೇಬಿಕಾ ಸಪ್ಪೆ. ನಮ್ಮಲ್ಲಿ ಚಿಕೋರಿ ಇಲ್ಲದಿದ್ದರೆ ನೀರು ನೀರು ಅನ್ನುತ್ತಾರಲ್ಲ, ಅಲ್ಲೂ ಅದೇ ಕಥೆ.

ಚೀನಾ ಇದಕ್ಕೆ ಉಲ್ಟಾ. ಚಹಾದ ದೇಶ, ಕಾಫಿಯ ರೂಢಿ ಇರಲಿಲ್ಲ. 1999ರಲ್ಲಿ ಹೋದ ಸ್ಟಾರ್‌ಬಕ್ಸ್ ಕುಡಿಯುವುದನ್ನು ಕಲಿಸಿತು, ಸಾವಿರಾರು ಅಂಗಡಿ ತೆರೆಯಿತು. ಕಲಿತ ಮೇಲೆ ಜನ ಅರ್ಧ ಬೆಲೆಗೆ ಕೊಡುವ ಲಕ್ಕಿನ್ ಅನ್ನುವ ಅಲ್ಲಿನದೇ ಚೈನ್ ಕಡೆ ಹೊರಳಿದರು. ಲಕ್ಕಿನ್ ಹುಟ್ಟಿದ್ದು 2017ರಲ್ಲಿ. 2020ರಲ್ಲಿ ಲೆಕ್ಕಪತ್ರದ ಮೋಸ ಹೊರಬಿದ್ದು ಮುಖ ಕೆಡಿಸಿಕೊಂಡಿತು. ಆದರೂ 2023ರಲ್ಲಿ ಅಂಗಡಿ ಸಂಖ್ಯೆಯಲ್ಲಿ ಸ್ಟಾರ್‌ಬಕ್ಸನ್ನು ಹಿಂದೆ ಹಾಕಿತು. ಅವರದ್ದು ಬಹುಪಾಲು ಸಣ್ಣ ಅಂಗಡಿ. ಫೋನಿನಲ್ಲಿ ಆರ್ಡರ್ ಕೊಟ್ಟು, ಎತ್ತಿಕೊಂಡು ಹೋಗುವುದು. ಹೋಟೆಲ್ ಅಣ್ಣ ಹೇಳಿದ ಸೋಫಾದ ಬಾಡಿಗೆ ಅಲ್ಲಿ ಇಲ್ಲವೇ ಇಲ್ಲ. 2025ರಲ್ಲಿ ನ್ಯೂಯಾರ್ಕಿಗೂ ಹೋಗಿದ್ದಾರೆ. ಅಲ್ಲಿ ಏನಾಗುತ್ತದೆ ನೋಡಬೇಕು.

ಕೊಡಚಾದ್ರಿ ನೆರಳು

ಎಲ್ಲ ಸರಿ. ಆದರೆ "ಹೋಗಲೇಬೇಡಿ" ಅನ್ನುವ ಧಾಟಿ ನನಗೆ ಇಷ್ಟವಾಗುತ್ತಿಲ್ಲ. ನಮ್ಮ ಫಿಲ್ಟರ್ ಕಾಫಿಗೆ ಹೊರಗೆ ಜಾಗವೇ ಇಲ್ಲವಾ? ನಮ್ಮವರು ಎಲ್ಲ ದೇಶದಲ್ಲೂ ಇದ್ದಾರೆ. ಇಡ್ಲಿ ದೋಸೆಗೆ ಜಾಗ ಸಿಕ್ಕಿದೆಯಲ್ಲ.

ತುಂಗಾತೀರ

ಹೋಗಬೇಡಿ ಅಂತ ನಾನು ಹೇಳಿಲ್ಲ. ಹೇಗೆ ಹೋಗಬೇಕು ಅನ್ನುವುದಷ್ಟೇ ನನ್ನ ಮಾತು. ಆಂಧ್ರದ ಅರಕು ಕಣಿವೆಯ ಆದಿವಾಸಿ ರೈತರ ಕಾಫಿಯನ್ನೇ ನೋಡಿ. ಅರಕು ಕಾಫಿಯವರು 2017ರಲ್ಲಿ ಪ್ಯಾರಿಸ್ಸಿನ ಮರೈ ಬಡಾವಣೆಯಲ್ಲಿ ಒಂದು ಅಂಗಡಿ ತೆರೆದರು. ನೂರು ಅಂಗಡಿಯ ಮಾತಾಡಲಿಲ್ಲ. ಪ್ಯಾಕೆಟ್ಟಿನ ಮೇಲೆ ಕಣಿವೆಯ ಹೆಸರು. ಕೊಳ್ಳುವವನಿಗೆ ಅದು ಎಲ್ಲಿಯದು, ಯಾರು ಬೆಳೆದದ್ದು ಅಂತ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಅವರು ಕೆಫೆ ತೆರೆದದ್ದು ಆಮೇಲೆ, 2021ರಲ್ಲಿ. ಅರಕುವಿಗೆ ಸಿಕ್ಕ ಹೆಸರು ನಮ್ಮ ಬಾಬಾಬುಡನ್‌ಗಿರಿಗೆ ಯಾಕೆ ಸಿಗಬಾರದು? ಹದಿನೇಳನೇ ಶತಮಾನದಿಂದ ಕಾಫಿ ಇರುವ ಗುಡ್ಡ ನಮ್ಮದು. ಇದು ನನಗೆ ನಿಜವಾಗಿಯೂ ಹೊಟ್ಟೆ ಉರಿಸುವ ವಿಷಯ.

ಫಿಲ್ಟರ್ ಕಾಫಿ ವಿಷಯಕ್ಕೆ ಬಂದರೆ, ಅದು ದೋಸೆಯ ಜೊತೆಗೇ ಹೋದರೆ ಸಲೀಸು. ಹೊರಗಿನವರು ಮೊದಲ ಸಲ ಕುಡಿಯುವುದು ತಿಂಡಿಯ ನಂತರ. ರುಚಿ ಹತ್ತಿದರೆ ಆಮೇಲೆ ಬರೀ ಕಾಫಿಗೇ ಬರುತ್ತಾರೆ. ಶುರುವಿನಲ್ಲೇ ಕಾಫಿಯ ಬೋರ್ಡು ಹಾಕಿಕೊಂಡು ಕೂತರೆ ನಮ್ಮವರು ಮಾತ್ರ ಬರುತ್ತಾರೆ, ಅದೂ ಭಾನುವಾರ.

ಫಿಲ್ಟರ್ ಡಿಕಾಕ್ಷನ್, ಶಿವಮೊಗ್ಗ

ಹೌದು. ನಮ್ಮಲ್ಲೂ ಬರೀ ಕಾಫಿಯಿಂದ ಹೋಟೆಲ್ ನಡೆಯುವುದಿಲ್ಲ. ಇಡ್ಲಿ ವಡೆಯೇ ಬಾಡಿಗೆ ಕಟ್ಟುವುದು.

ಮೆಲ್ಬರ್ನ್ ವಾಸಿ, ಮೂಲ ತೀರ್ಥಹಳ್ಳಿ

ಕೊಪ್ಪದ ಅಣ್ಣ, ಒಂದು ಕೇಳಲಾ? ಇಲ್ಲಿ ಸಣ್ಣ ರೋಸ್ಟರ್‌ಗಳು ಬೇಕಾದಷ್ಟು ಇದ್ದಾರೆ. ಒಂದೇ ತೋಟದ ಬೀಜ, ಊರಿನ ಹೆಸರು, ತಳಿಯ ಹೆಸರು ಎಲ್ಲ ಚೀಟಿಯ ಮೇಲೆ ಬರೆದು ಮಾರುತ್ತಾರೆ. ಇಥಿಯೋಪಿಯಾ, ಕೊಲಂಬಿಯಾ ದಿನಾ ಕಾಣುತ್ತದೆ. ಇಂಡಿಯಾ ಅಪರೂಪ. ನಾನು ಕೆಲಸ ಮಾಡಿದ ಕೆಫೆಯ ಮಾಲೀಕ ಈಗ ಸ್ವಂತ ರೋಸ್ಟಿಂಗ್ ಮಾಡುತ್ತಾನೆ. ನಮ್ಮ ಎಸ್.795 ಕಾಫಿ ತಳಿಯ ಬಗ್ಗೆ ಹೇಳಿದ್ದೆ, ಸ್ಯಾಂಪಲ್ ಸಿಗುತ್ತದಾ ಅಂತ ಕೇಳಿದ್ದಾನೆ. ಕಳಿಸಲಿಕ್ಕೆ ಏನೇನು ಬೇಕು?

ಕೊಪ್ಪದ ತೋಟ

ಖಂಡಿತ ಕಳಿಸೋಣ. ಎಸ್.795 ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತಳಿ, ನಮ್ಮ ತೋಟದಲ್ಲಿ ಹಳೇ ಗಿಡಗಳೇ ಇವೆ. ವ್ಯಾಪಾರ ಅಂತ ಮಾಡುವುದಾದರೆ ಕಾಫಿ ಬೋರ್ಡಿನಲ್ಲಿ ರಫ್ತುದಾರರಾಗಿ ನೋಂದಣಿ ಬೇಕು. ನನ್ನ ಹತ್ತಿರ ಅದಿಲ್ಲ, ಚಿಕ್ಕಮಗಳೂರಿನಲ್ಲಿ ನೋಂದಣಿ ಇರುವ ಪರಿಚಯದವರ ಮೂಲಕ ಕಳಿಸಬಹುದು. ನಿಮ್ಮ ದೇಶದಲ್ಲಿ ಹಸಿ ಬೀಜಕ್ಕೆ ಕ್ವಾರಂಟೈನ್ ನಿಯಮ ಬಿಗಿ ಅಂತಾರೆ. ಆ ಕಡೆಯ ಕಾಗದಪತ್ರ ಏನು ಬೇಕು ಅಂತ ನಿಮ್ಮ ಮಾಲೀಕರನ್ನು ಮೊದಲು ಕೇಳಿಸಿ. ಅಷ್ಟರಲ್ಲಿ ನಾನು ಈ ಸಲದ ಪಾರ್ಚ್‌ಮೆಂಟಿನಲ್ಲಿ ಚೆನ್ನಾಗಿ ಒಣಗಿದ ಒಂದು ಲಾಟ್ ಬೇರೆ ತೆಗೆದು, ಸಿಪ್ಪೆ ಬಿಡಿಸಿ, ಕಪ್ಪಿಂಗ್‌ಗೆ (ರುಚಿ ಪರೀಕ್ಷೆಗೆ) ಕೊಡುತ್ತೇನೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಬೆಲೆ ಆಮೇಲೆ ಮಾತಾಡೋಣ. ಒಂದೇ ಷರತ್ತು, ಚೀಟಿಯ ಮೇಲೆ ಬರೀ ಇಂಡಿಯಾ ಅಂತ ಬರೆಯಬಾರದು, ಕೊಪ್ಪ ಅಂತಲೂ ಇರಬೇಕು.

ಮೆಲ್ಬರ್ನ್ ವಾಸಿ, ಮೂಲ ತೀರ್ಥಹಳ್ಳಿ

ಆಯ್ತು ಅಣ್ಣ. ಕ್ವಾರಂಟೈನ್ ವಿಷಯ ಸೋಮವಾರ ಕೇಳಿ ಹೇಳುತ್ತೇನೆ.